ಉಪವಾಸದ ದಿನದ ಸೂಜಿ

ಕಳೆದ ತಿಂಗಳು ದವಾಖಾನೆಯಲ್ಲಿ ನನ್ನ ಬೆರಳ ತುದಿಗೆ ಸ್ಪಿರಿಟ್ ಅದ್ದಿದ ಹತ್ತಿ ಒರೆಸಿದರು. ಆ ತಂಪು, ಮೂಗಿನೊಳಗೆ ಏರಿ ಕೂಡುವ ಆ ವಾಸನೆ... ನಿಮಗೂ ಸಕ್ಕರೆ ಕಾಯಿಲೆ ಬಂದಿದೆ ಎಂದು ಡಾಕ್ಟರು ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಇಂಥದೇ ಹತ್ತಿ ಹಿಡಿದು ನನ್ನ ಅವ್ವನ ಮಂಚದ ಹತ್ತಿರ ನಿಂತಿದ್ದ ಸಿಸ್ಟರ್ ಕಣ್ಣ ಮುಂದೆ ಬಂದಿದ್ದರು. ಹೆಂಡತಿಗೆ ಒಂದು ಸತ್ಯ ಹೇಳುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೆ. ಇಷ್ಟು ವರ್ಷವಾದರೂ ಹೇಳಿಲ್ಲ. ಬಾಯಿಂದ ಬರುತ್ತಿಲ್ಲ ಅಂತಲೇ ಬರೆಯಲು ಕುಳಿತಿದ್ದೇನೆ.

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ದೊಡವಾಡ ನಮ್ಮೂರು. ಬೈಲಹೊಂಗಲದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇದೆ, ಯಾರ ಹಂಗೂ ಇಲ್ಲದೆ ಕಟ್ಟಿದ್ದು. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದಲೂ ರೈತರು ಸುಟ್ಟ ಮೋಟರ್ ಹೊತ್ತು ನನ್ನ ಹತ್ತಿರ ಬರುತ್ತಾರೆ. ಸ್ಟಾರ್ಟರಿಗೆ ವೈರ್ ಹೇಗೆ ಜೋಡಿಸಬೇಕು ಅಂತ ತೋರಿಸಿದ ಮೇಲೆ, ಬರೀ ಹೂಂ ಅಂದರೆ ನಾನು ಬಿಡುವುದಿಲ್ಲ. ಒಮ್ಮೆ ಜೋಡಿಸಿ ತೋರಿಸಿ ಹೋಗಿರಿ ಅನ್ನುತ್ತೇನೆ. ಹೂಂ ಅಂದು ಹೋದವರ ಮೋಟರೇ ವಾರದೊಳಗೆ ಮತ್ತೆ ಸುಟ್ಟು ಬರುವುದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ...

ಅವ್ವನ ಕಾಲಿನ ಹುಣ್ಣು ಮಾಯದೆ ಬೈಲಹೊಂಗಲದ ದವಾಖಾನೆಗೆ ಸೇರಿಸಿದ್ದೆವು. ಆಗ ಸಕ್ಕರೆ ಇರುವುದು ತಿಳಿಯಿತು. ಆ ವಾರ್ಡಿನ ಸಿಸ್ಟರ್ ರಾಮದುರ್ಗದ ಕಡೆಯವರು. ತೆಳ್ಳಗಿದ್ದರು, ಜೋರು ನಡಿಗೆ, ಮಾತು ಮಾತ್ರ ಸಾವಕಾಶ. ಕೆಲಸ ಮುಗಿದ ಮೇಲೆ ಕಿಟಕಿಯ ಹತ್ತಿರ ಕುಳಿತು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಒಮ್ಮೆ ಮನೆಗೆ ಹೋದ ರೋಗಿ ಮತ್ತೆ ವಾರ್ಡಿಗೆ ಬಂದರೆ ಅವರು ಕೇಳುವ ಪ್ರಶ್ನೆಗಳೇ ಬೇರೆ. ಡಾಕ್ಟರು ಹೇಳುವಾಗ ಯಾರು ನಿಂತಿದ್ದರು, ಮನೆಯಲ್ಲಿ ಔಷಧ ಕೊಟ್ಟವರು ಯಾರು, ಅವರಿಗೆ ಹೇಳಿದವರು ಯಾರು. ಜೊತೆಯ ಸಿಸ್ಟರುಗಳು ನಗುತ್ತಿದ್ದರು. ನರ್ಸಬಾಯಿ ಪೊಲೀಸಿನವರ ಹಂಗ ಜಬಾಬು ತಗೋತಾಳ ಅಂತ ಅವ್ವನೂ ನಕ್ಕಿದ್ದಳು.

ಅವ್ವನನ್ನು ಮನೆಗೆ ಬಿಡುವ ದಿನ ಸಿಸ್ಟರ್ ನನ್ನನ್ನು ಕರೆದರು.

"ಅಣ್ಣಾರ, ಮನ್ಯಾಗ ಇನ್ಸುಲಿನ್ ಸೂಜಿ ಹಾಕಾವ್ರು ಯಾರು?"

"ನಮ್ಮ ಮನಿಯಾಕಿ."

"ಹಂಗಾದ್ರ ನಾಳೆ ಅವರನ್ನ ಕರಕೊಂಡ ಬರ್ರಿ. ಅವರಿಗಿ ಹೇಳಿ ಕಳಸ್ತೇನಿ."

ಬಿತ್ತನೆಯ ಹೊತ್ತು. ಅಂಗಡಿಯಲ್ಲಿ ಮೋಟರ್ ಸಾಲುಗಟ್ಟಿ ಬಿದ್ದಿದ್ದವು. ಮತ್ತೊಂದು ದಿನ ಬಾಗಿಲು ಹಾಕುವುದು ನನಗೆ ಆಗದ ಮಾತು. ನನಗೇ ಹೇಳಿರಿ, ನಾನು ಹೇಳುತ್ತೇನೆ ಅಂದೆ. ಅವರು ಹೇಳಿದರು. ಸೂಜಿ ಹಿಡಿಯುವುದನ್ನು ತೋರಿಸಿದರು. ಕೈ ಕೆಲಸ, ಒಂದೇ ಸಲಕ್ಕೆ ಕಲಿತೆ. ಆಮೇಲೆ ಅಂದರು, "ಈಗ ನಾ ಹೇಳಿದ್ದನ್ನ ನೀವು ತಿರುಗಿ ಹೇಳ್ರಿ ನೋಡೋಣು."

ಅಕ್ಕಪಕ್ಕದ ಮಂಚದವರೆಲ್ಲ ನನ್ನ ಕಡೆ ನೋಡಿದರು. ಅವ್ವ ಮಂಚದ ಮೇಲಿಂದ, "ಅವನಿಗ್ಯಾಕ ಒಪ್ಪಸಾಕ ಹಚ್ಚತಿ ಬಾಯಿ, ಅವ ಸಾಲಿ ಮೆಟ್ಟಿಲ ಹತ್ತಿದ್ದಕ್ಕಿಂತ ಹುಣಸಿಗಿಡ ಹತ್ತಿದ್ದ ಜಾಸ್ತಿ" ಅಂದಳು. ವಾರ್ಡೆಲ್ಲ ನಕ್ಕಿತು. ನಾನು ನಗಲಿಲ್ಲ. ಶಾಲೆಯಲ್ಲಿ ಎದ್ದು ನಿಂತು ಒಪ್ಪಿಸಲು ಬಾರದೆ ಮೈಯೆಲ್ಲ ಬಿಸಿಯಾಗುತ್ತಿದ್ದ ದಿನಗಳು ಒಮ್ಮೆಲೇ ಬಂದು ಎದುರಿಗೆ ನಿಂತವು.

"ನಾ ಏನ ಸಾಲಿ ಹುಡುಗ ಅನಕೊಂಡ್ರೇನು? ತಿಳದೈತಿ. ಚೀಟಿ ಕೊಡ್ರಿ" ಅಂದೆ.

ಸಿಸ್ಟರ್ ಮತ್ತೆ ಒತ್ತಾಯ ಮಾಡಲಿಲ್ಲ. ಔಷಧದ ಹೆಸರು, ಅಳತೆ ಅಷ್ಟೇ ಇದ್ದ ಚೀಟಿ ಕೊಟ್ಟರು.

ಮನೆಗೆ ಬಂದು ಹೆಂಡತಿಗೆ ಸೂಜಿ ಹಿಡಿಯುವುದನ್ನು ತೋರಿಸಿದೆ. ಮುಂಜಾನೆ ಒಂದು, ಸಂಜೆ ಒಂದು, ಯಾವ ಕಾರಣಕ್ಕೂ ತಪ್ಪಿಸಬೇಡ ಅಂದೆ. ಅಷ್ಟೇ ಅಂದೆ. ಊಟ ಬಿಟ್ಟ ದಿನ ಸೂಜಿ ಹಾಕಬೇಡ, ಮೊದಲು ದವಾಖಾನೆಗೆ ಕೇಳು, ಬೆವರು ಬಂದು ಕೈ ನಡುಗಿದರೆ ಕೂಡಲೇ ಸಕ್ಕರೆ ನೀರು ಕುಡಿಸು, ಇದನ್ನೂ ಸಿಸ್ಟರ್ ಎರಡು ಸಲ ಹೇಳಿದ್ದರು. ಅದು ನನ್ನ ಬಾಯಿಂದ ಬರಲಿಲ್ಲ. ಮರೆತೆ ಅನ್ನಲೋ, ಆ ಸಿಟ್ಟಿನಲ್ಲಿ ತಲೆಗೆ ಹೋಗಲೇ ಇಲ್ಲ ಅನ್ನಲೋ... ಹೆಂಡತಿ ಏಳನೇ ಇಯತ್ತೆಯವರೆಗೆ ಕಲಿತವಳು, ನನಗಿಂತ ಚೆನ್ನಾಗಿ ಓದುವವಳು. ಯಾವ ಹಬ್ಬ ಯಾವ ವಾರ ಬರುತ್ತದೆ, ಯಾರ ಮಗುವಿಗೆ ಯಾವ ತಿಂಗಳು ಲಸಿಕೆ, ಓಣಿಯವರೆಲ್ಲ ಅವಳನ್ನೇ ಕೇಳುತ್ತಿದ್ದರು. ಅವಳಿಗೆ ಒಮ್ಮೆ ಹೇಳಿದರೆ ಸಾಕಿತ್ತು.

ಶ್ರಾವಣದ ಮೊದಲ ಸೋಮವಾರ. ಮದುವೆಯಾಗಿ ಬಂದಾಗಿನಿಂದ ಅವ್ವ ಶ್ರಾವಣ ಸೋಮವಾರ ಸಂಜೆಯ ಪೂಜೆ ಆಗುವ ತನಕ ಬಾಯಿಗೆ ಏನೂ ಹಾಕಿದವಳಲ್ಲ. ಅದನ್ನು ತಪ್ಪಿಸು ಎಂದು ಹೇಳಲು ನಮಗೆ ಯಾರಿಗೂ ಹೊಳೆಯಲಿಲ್ಲ. ಸೂಜಿ ತಪ್ಪಿಸಬಾರದು, ಉಪವಾಸ ತಪ್ಪಿಸಬಾರದು. ಹೆಂಡತಿ ಮುಂಜಾನೆ ಹೊತ್ತಿಗೆ ಸರಿಯಾಗಿ ಸೂಜಿ ಹಾಕಿದಳು.

ನಾನು ಕಿತ್ತೂರಿನ ಕಡೆ ಒಂದು ಬೋರಿನಿಂದ ಮೋಟರ್ ಎತ್ತಿಸುತ್ತಿದ್ದೆ. ಮಧ್ಯಾಹ್ನ ಹೆಂಡತಿಯ ಫೋನ್ ಬಂತು. "ರೀ, ಅತ್ತಿ ಭಾಳ ಬೆವರಾಕ ಹತ್ಯಾರ. ಏನೇನೋ ಮಾತಾಡಾಕ ಹತ್ಯಾರ" ಅಂದಳು. ಪೈಪು ಅರ್ಧ ಮೇಲೆ ಬಂದಿತ್ತು. "ಉಪವಾಸಕ್ಕ ಸುಸ್ತ ಆಗೇತಿ, ಮಲಗ್ಲಿ ಬಿಡು" ಅಂದೆ. ನಾನು ಬರುವ ಹೊತ್ತಿಗೆ ಅವ್ವನಿಗೆ ಎಚ್ಚರ ಇರಲಿಲ್ಲ.

ದವಾಖಾನೆಯಲ್ಲಿ ಅದೇ ಸಿಸ್ಟರ್. ಬೆರಳು ಚುಚ್ಚಿ ನೋಡಿದವರೇ ಓಡಿಹೋಗಿ ಡಾಕ್ಟರನ್ನು ಕರೆತಂದರು. ನರಕ್ಕೆ ಸಕ್ಕರೆ ನೀರು ಏರಿಸಿದರು. ಆಮೇಲೆ ಸಿಸ್ಟರ್ ಹೆಂಡತಿಯ ಕಡೆ ತಿರುಗಿ, ಇವತ್ತು ಏನು ಉಂಡಿದ್ದಾರೆ ಎಂದು ಕೇಳಿದರು.

"ಶ್ರಾವಣ ಸೋಮಾರ ಅಲ್ರೀ ಅಕ್ಕಾರ, ಉಪವಾಸ."

"ಸೂಜಿ?"

"ಹಾಕೇನ್ರಿ. ತಪ್ಪಸಬ್ಯಾಡ ಅಂದಾರ್ರಿ ಇವರು."

ಸಿಸ್ಟರ್ ನನ್ನ ಕಡೆ ನೋಡಿದರು. ಹೆಂಡತಿಯೂ ನೋಡಿದಳು. ಆ ಕ್ಷಣಕ್ಕೆ ನನಗೆ ಸಿಸ್ಟರ್ ಹೇಳಿದ್ದೆಲ್ಲ ಅಕ್ಷರಕ್ಕೆ ಅಕ್ಷರ ನೆನಪಿಗೆ ಬಂತು. ಒಂದು ಮಾತೂ ಬಿಡದೆ ಒಪ್ಪಿಸಬಹುದಾಗಿತ್ತು.

"ಉಪವಾಸ ಇದ್ದಾಗ ಹಾಕಬಾರದು ಅಂತ ಹೇಳಿದ್ನಲ್ಲ ನಿನಗ" ಅಂದೆ ಹೆಂಡತಿಗೆ.

ಅವಳು ನೆನಪು ಮಾಡಿಕೊಳ್ಳಲು ನೋಡುತ್ತಿದ್ದಳು. ಆ ಮುಖ ನನಗೆ ಇವತ್ತಿಗೂ... ಇಲ್ಲದ ಮಾತನ್ನು ತನ್ನ ತಲೆಯೊಳಗೆ ಹುಡುಕುತ್ತಿದ್ದಳು. ಕೊನೆಗೆ, "ಹೇಳಿದ್ರೇನು?" ಎಂದು ತನ್ನಷ್ಟಕ್ಕೆ ಅಂದುಕೊಂಡು ಗೋಡೆಗೆ ಒರಗಿ ಕುಳಿತುಬಿಟ್ಟಳು. ಅವ್ವ ಮೂರನೆಯ ದಿನ ಹೋದಳು. ಕಣ್ಣು ತೆರೆಯಲೇ ಇಲ್ಲ.

ತಿಂಗಳು ಕಳೆದ ಮೇಲೆ ಸಿಸ್ಟರ್ ನೋಟ್‌ಬುಕ್ ಹಿಡಿದು ದೊಡವಾಡಕ್ಕೆ ಬಸ್ಸಿನಲ್ಲಿ ಬಂದರು. ನಾನು ಅಂಗಡಿಯಲ್ಲಿದ್ದೆ. ಮನೆಯಲ್ಲಿ ಹೆಂಡತಿಯ ಹತ್ತಿರ ಮಾತಾಡಿ, ಬೈಲಹೊಂಗಲಕ್ಕೆ ತಿರುಗಿ ಬಂದು, ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತರು. ನಾನು ವೈಂಡಿಂಗ್ ನಿಲ್ಲಿಸಲಿಲ್ಲ. ಅವರೂ ನಿಲ್ಲಿಸಿರಿ ಅನ್ನಲಿಲ್ಲ.

"ಅಣ್ಣಾರ, ನಾ ನರ್ಸಿಂಗಿಂದ ದೊಡ್ಡ ಕೋರ್ಸ್ ಮಾಡಾಕ ಹತ್ತೇನಿ" ಅಂತ ಶುರು ಮಾಡಿದರು. "ಅದರಾಗ ದೊಡ್ಡ ದೊಡ್ಡ ಸಿದ್ಧಾಂತ ಅದಾವು. ಮನುಷ್ಯ ಅಂದ್ರೇನು, ಆರೋಗ್ಯ ಅಂದ್ರೇನು ಅಂತ. ಓದಾಕ ಚಲೋ. ಮುಂಜಾನೆ ವಾರ್ಡಿಗಿ ಬಂದ್ರ ಅದನ್ನ ಎಲ್ಲಿ ಹಚ್ಚೂದಂತ ತಿಳಿಯಂಗಿಲ್ಲ. ಡಾಕ್ಟರ್ ಚೀಟಿ ಅಂದ್ರ ಅದು ಒಬ್ಬ ಪೇಶಂಟಿಗಿ ಅಷ್ಟ. ಎರಡರ ನಡುವಿಂದು ಒಂದು ಬೇಕು. ವಾರ್ಡಿನ್ಯಾಗ ಕಂಡದ್ದರಿಂದ ಹುಟ್ಟಬೇಕು, ಮುಂದಿನ ಪೇಶಂಟಿಗಿ ಹಚ್ಚಿ ನೋಡಾಕ ಬರಬೇಕು, ತಪ್ಪಿದ್ರ ತಪ್ಪು ಅಂತ ಗೊತ್ತಾಗಬೇಕು. ಮಧ್ಯಮ ಹಂತದ ಸಿದ್ಧಾಂತ ಅಂತಾರ ಅದಕ್ಕ."

ನನಗೆ ಇದು ತಿಳಿಯಲಾರದ್ದಲ್ಲ. ಎಷ್ಟು ಎಚ್‌ಪಿ ಮೋಟರಿಗೆ ಎಷ್ಟು ಸುತ್ತು, ಯಾವ ಗೇಜಿನ ತಂತಿ ಎಂದು ನನ್ನ ಅಂಗಡಿಯ ಗೋಡೆಯ ಮೇಲೆ ನಾನೇ ಬರೆದ ಪಟ್ಟಿ ಇದೆ. ಯಾವ ಪುಸ್ತಕದಿಂದಲೂ ತೆಗೆದದ್ದಲ್ಲ. ಸುಟ್ಟ ಮೋಟರುಗಳನ್ನು ಬಿಚ್ಚಿ, ಎಣಿಸಿ, ತಪ್ಪಿದಾಗ ಅಳಿಸಿ ತಿದ್ದಿದ್ದು. ಅವರು ಮಾಡುತ್ತಿದ್ದದ್ದೂ ಅದೇ ಕೆಲಸ. ಅವರ ಮುಂದೆ ಇದ್ದದ್ದು ಮೋಟರ್ ಅಲ್ಲ, ಅಷ್ಟೇ.

ಅವರು ಕಂಡದ್ದು ಇಷ್ಟು. ನಮ್ಮ ಕಡೆ ಡಾಕ್ಟರ ಮಾತು ಕೇಳುವವನು ಗಂಡಸು, ಮನೆಯಲ್ಲಿ ಮಾಡುವವಳು ಹೆಂಗಸು. ಮಾತು ಇಬ್ಬರ ನಡುವೆ ಕಳೆದುಹೋಗುತ್ತದೆ. ಮಾಡುವವಳನ್ನೇ ಕರೆಸಿ, ಅವಳ ಬಾಯಿಂದಲೇ ತಿರುಗಿ ಹೇಳಿಸಿದರೆ ರೋಗಿ ಕೆಟ್ಟು ಮತ್ತೆ ವಾರ್ಡಿಗೆ ಬರುವುದು ಕಡಿಮೆಯಾಗುತ್ತದೆ.

"ಈಗ ನಿಮ್ಮ ಮನಿದು" ಅಂದರು. "ನೀವು ಹೇಳಿದ್ರಿ, ಆಕಿ ಮರತಾಳ ಅಂದ್ರ ನನ್ನ ವಿಚಾರ ಇಲ್ಲಿ ತಪ್ಪು. ಮಾಡಾಕಿಗಿ ಗೊತ್ತಿದ್ರೂ ಉಪಯೋಗಿಲ್ಲ ಅಂತಾತು. ನೀವು ಹೇಳಿರಲಿಲ್ಲ ಅಂದ್ರ ಬ್ಯಾರೆ. ಹೆಸರು ಬರಿಯಂಗಿಲ್ಲ. ಆದರ ಸುಳ್ಳ ಬರದ್ರ ನಾಳೆ ಮತ್ತೊಬ್ಬರ ಅವ್ವ ಹೋಗ್ತಾಳ್ರಿ."

ಸುತ್ತು ಎಣಿಸುತ್ತಿದ್ದೆ. ಲೆಕ್ಕ ತಪ್ಪಿತು.

"ಹೇಳಿರಲಿಲ್ಲ" ಅಂದೆ.

ಅವರು ತಮ್ಮದೂ ತಪ್ಪಿದೆ ಅಂದರು. ಎಲ್ಲರ ಮುಂದೆ ಪರೀಕ್ಷೆ ಮಾಡಿದ ಹಾಗೆ ಕೇಳಬಾರದಿತ್ತು, ಮನೆಯಲ್ಲಿ ಯಾವ ಯಾವ ದಿನ ಉಪವಾಸ ಎಂದು ಮೊದಲೇ ಕೇಳಬೇಕಿತ್ತು, ಅದು ತಮಗೂ ಹೊಳೆದಿರಲಿಲ್ಲ ಅಂದರು. ಎರಡನ್ನೂ ಬರೆದುಕೊಂಡರು. ಏಳುವಾಗ ಅಂದರು, "ನಿಮ್ಮ ಮನಿಯವರಿಗಿ ನೀವ ಹೇಳಬೇಕು ಇದನ್ನ. ಆಕಿ ನನ್ನ ಮುಂದ, 'ನನ್ನ ತಲಿ ಮ್ಯಾಲೆ ನನಗ ಭರೋಸಾ ಉಳದಿಲ್ಲ ಅಕ್ಕಾರ' ಅಂದಳು."

"ಹೇಳತೇನಿ ಬಿಡ್ರಿ."

"ಯಾವಾಗ?"

"ಹೇಳತೇನಿ ಅಂದ್ನಲ್ರೀ."

ಇವತ್ತು, ನಾಳೆ, ಅವ್ವನ ವರ್ಷದ ಕಾರ್ಯ ಮುಗಿಯಲಿ, ಮಗಳ ಮದುವೆ ಆಗಲಿ... ಸಿಸ್ಟರ್ ಒಂದೆರಡು ಸಲ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು ಕೇಳಿದರು. ಆಮೇಲೆ ದೂರದಿಂದ ಕಂಡರೆ ನಾನೇ ಬೇರೆ ದಾರಿ ಹಿಡಿಯುತ್ತಿದ್ದೆ. ನನಗೆ ಒಂದು ಕೆಟ್ಟ ಮಾತೂ ಆಡದವರಿಗೆ ನಾನು ಹೀಗೆ ಮುಖ ತಪ್ಪಿಸಿಕೊಂಡು ತಿರುಗಿದೆ.

ಕಳೆದ ತಿಂಗಳು ನನ್ನ ಬೆರಳು ಚುಚ್ಚಿದವಳು ಬೇರೆ, ಸಣ್ಣ ವಯಸ್ಸಿನ ಸಿಸ್ಟರ್. ದಿನಾ ಸೂಜಿ ಬೇಕು ಎಂದು ಡಾಕ್ಟರು ಅಂದಾಗ ನನ್ನನ್ನು ಒಂದು ಬದಿಗೆ ಕರೆದು, ಮನೆಯಲ್ಲಿ ಯಾರು ಹಾಕುವವರು, ಅವರನ್ನು ಕರೆದುಕೊಂಡು ಬನ್ನಿರಿ, ನೀವು ಯಾವ ವಾರ ಉಪವಾಸ ಮಾಡುತ್ತೀರಿ ಎಂದು ಕೇಳಿದಳು. ಈ ಪ್ರಶ್ನೆ ಎಲ್ಲಿಂದ ಬಂತವ್ವಾ ಅಂದೆ. "ಮೊದಲಿದ್ದ ಸಿಸ್ಟರ್ ಹಾಕಿಕೊಟ್ಟ ಪದ್ಧತಿ ರೀ. ಅವರು ಕೊರೊನಾದಾಗ ತೀರಿ ಹೋದ್ರು, ಇದ ವಾರ್ಡಿನ್ಯಾಗ ಡ್ಯೂಟಿ ಮಾಡಕೋತನ" ಅಂದಳು. ಐದಾರು ವರ್ಷವಾಗಿದೆ. ನನಗೆ ಗೊತ್ತೇ ಇರಲಿಲ್ಲ. ಅಂಗಡಿಯಿಂದ ಆ ವಾರ್ಡಿಗೆ ಹತ್ತು ನಿಮಿಷದ ದಾರಿ.

ಮರುದಿನ ಹೆಂಡತಿಯನ್ನು ಕರೆದುಕೊಂಡು ಹೋದೆ. ಹುಡುಗಿ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಎಲ್ಲ ಹೇಳಿ, "ನಾ ಬರೋಬರಿ ಹೇಳಿದ್ನೋ ಇಲ್ಲೋ ನೋಡಬೇಕ್ರಿ, ನೀವು ಒಮ್ಮಿ ಹೇಳ್ರಿ" ಅಂದಳು. ಹೆಂಡತಿ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡಳು.

"ನನಗ ಬ್ಯಾಡವ್ವಾ. ನನಗ ಮರವು ಐತಿ. ನನ್ನ ಕೈಲೆ ಒಮ್ಮಿ ಒಂದು ಜೀವ ಹೋಗೇತಿ."

ನಾನು ಅಲ್ಲೇ ನಿಂತಿದ್ದೆ. ಆಗಲೂ ಬಾಯಿ ತೆರೆಯಲಿಲ್ಲ. ಅಂದಿನಿಂದ ಸೂಜಿ ನಾನೇ ಹಾಕಿಕೊಳ್ಳುತ್ತೇನೆ, ಹೊತ್ತಿಗೆ ತಾಟು ಹಾಕುವುದು ಅವಳು.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಮಧ್ಯಾಹ್ನ ಅವಳ ಕೈಗೆ ಕೊಟ್ಟೆ. ಚಸ್ಮಾ ಹಾಕಿಕೊಂಡು ಹೊಸ್ತಿಲ ಹತ್ತಿರ ಬೆಳಕಿಗೆ ಕುಳಿತು ಓದಿದಳು. ಒಂದು ಹಾಳೆಯನ್ನು ಎರಡು ಸಲ ಓದಿದಳು. ಯಾವುದೆಂದು ನನಗೆ ಗೊತ್ತು. ಓದಿ ಮುಗಿಸಿ ಹಾಳೆಗಳನ್ನು ಸರಿಯಾಗಿ ಜೋಡಿಸಿದಳು. ಹೇಳಿದೆ ಎಂದು ಹೋಗಿ ತಿಳಿಸಲು ಸಿಸ್ಟರ್ ಇಲ್ಲ. ಇದ್ದಾಗ ನಾನು ಹೋಗಲಿಲ್ಲ.

"ಹನ್ನೆರಡು ವರ್ಷ, ದಿನಾ ಗ್ಯಾಸ್ ಆರಿಸಿ ಮಲಗಿದಾಕಿ ಮತ್ತ ಎದ್ದು ಹೋಗಿ ನೋಡೇನಿ" ಅಂದಳು. "ಮಗಳ ಬಾಣಂತನಕ್ಕ ಕರದ್ರ, ಕೂಸಿಗಿ ಏನರ ಮಾಡಿಗೀಡೇನು ಅಂತ ಅಂಜಿ ಹೋಗಲಿಲ್ಲ. ನೀವು ನೋಡಕೋತ ಕುಂತಿದ್ರಿ."

ಸಂಜೆ ರೊಟ್ಟಿ ಬಡಿದಳು. ನನಗೆ ಹೊತ್ತಿಗೆ ಸರಿಯಾಗಿ ತಾಟು ಹಾಕಿದಳು. ಇವತ್ತು ಮುಂಜಾನೆ ಎದ್ದಾಗ ಅವಳು ಮನೆಯಲ್ಲಿ ಇರಲಿಲ್ಲ. ಮುರಗೋಡಿಗೆ, ಮಗಳ ಮನೆಗೆ ಮೊದಲ ಬಸ್ಸಿಗೆ ಹೋದಳೆಂದು ನೆರೆಮನೆಯಾಕೆ ಹೇಳಿದಳು. ಯಾವಾಗ ಬರುತ್ತಾಳೆಂದು ನಾನು ಕೇಳಲಿಲ್ಲ. ಇವತ್ತು ತಾಟನ್ನೂ ಸೂಜಿಯನ್ನೂ ನಾನೇ ಹಾಕಿಕೊಂಡೆ.