ನೀಲಿ ಆರುವ ಮೊದಲು

ಬೆಳಗಾಗುವ ಮುಂಚೆಯೇ ನೆಲಮಾಳಿಗೆಯ ಆ ಪುಟ್ಟ ಕೋಣೆಯಲ್ಲಿ ಉರಿ ಹೊತ್ತಿಕೊಂಡಿದೆ. ಪ್ರಯೋಗಾಲಯದವರೆಲ್ಲ ‘ಗಾಜಕ್ಕ’ ಎಂದು ಕರೆಯುವ ಹೆಂಗಸು ಪೆನ್ಸಿಲಿಗಿಂತ ತೆಳ್ಳಗಿನ ಗಾಜಿನ ಕೊಳವೆಯೊಂದರ ಮುಂದೆ ಕೂತಿದ್ದಾರೆ. ಕೊಳವೆಯ ಬುಡ, ಗಾಜಿನ ಪಾತ್ರೆಯಲ್ಲಿ ಹೊಗೆಯಾಡುವ, ಹಿಮಕ್ಕಿಂತ ತಣ್ಣನೆಯ ದ್ರವ ಸಾರಜನಕದಲ್ಲಿ ಮುಳುಗಿದೆ. ಅದರ ಕೊರಳಿಗೆ ಇವರು ಬೆಂಕಿ ಹಿಡಿಯಬೇಕು. ಚಳಿಗೂ ಉರಿಗೂ ನಡುವೆ ನಾಲ್ಕು ಬೆರಳಿನ ಅಂತರ.

ಒಳಗಿರುವುದು ಫ್ಲೋರಿನ್ ಹೊತ್ತ ಅಣುಗಳು. ಹೆಚ್ಚುವರಿ ಎಲೆಕ್ಟ್ರಾನೊಂದು ಬಂದು ಸೇರಿ ಅವು ರ್‍ಯಾಡಿಕಲ್ ಅಯಾನುಗಳಾಗಿವೆ, ಅಂದರೆ ಹೆಚ್ಚು ಹೊತ್ತು ಉಳಿಯದ ಚಂಚಲ ಕಣಗಳು. ನೀಲಿ ಬಣ್ಣವೇ ಅದರ ಗುರುತು. ಸ್ವಲ್ಪ ಬಿಸಿ ತಾಕಿದರೂ ಫ್ಲೋರಿನ್ ಕಳಚಿಕೊಳ್ಳುತ್ತದೆ, ನೀಲಿ ಆರುತ್ತದೆ. ಗಾಳಿಯೂ ಸೋಕಬಾರದು. ಅದಕ್ಕೇ ನಿರ್ವಾತದಲ್ಲಿಟ್ಟು ಕೊಳವೆಯ ಬಾಯಿ ಬೆಸೆಯುವುದು. ಆಮೇಲೆ ಸಂಶೋಧಕರು ಅಳೆಯುತ್ತಾರೆ, ಪ್ರಬಂಧ ಬರೆಯುತ್ತಾರೆ. ಹೆಸರು ಅವರದು, ಸುಟ್ಟ ಬೆರಳು ಇವರದು.

“ಅಪ್ಪ ಇದೇ ಸ್ಟೂಲ್ ಮೇಲೆ ಕೂರಿಸಿ ಕಲಿಸಿದ್ರು. ಬೆಸುಗೆ ಆದ್ಮೇಲೆ ಎತ್ತಿ ಬೆಳಕಿಗೆ ಹಿಡೀಬೇಕು, ಬಿರುಕಿದ್ಯಾ ಅಂತ ನೋಡದೆ ಯಾರ ಕೈಗೂ ಕೊಡಬಾರದು ಅನ್ನೋರು,” ಎನ್ನುತ್ತಾರೆ ಗಾಜಕ್ಕ. ಆ ಮಾತನ್ನು ಇವರು ಎಂದೂ ಮೀರಿದವರಲ್ಲ. ಆದರೆ ವರ್ಷಗಟ್ಟಲೆ ಉರಿ ನೋಡಿ ನೋಡಿ ಕಣ್ಣು ಮಸುಕಾಗಿದೆ, ವೈದ್ಯರು ಕೈಚೆಲ್ಲಿದ್ದಾರೆ. “ಸೂಜಿಗೆ ದಾರ ಪೋಣಿಸೋಕೆ ನನ್ನನ್ನ ಕರೀತಾಳೆ. ಕೆಲಸಕ್ಕೆ ಹೋಗ್ಬೇಡಮ್ಮ ಅಂದ್ರೆ ಮಾತ್ರ ಕಿವಿ ಕೇಳಿಸಲ್ಲ,” ಎಂದು ಮಗಳು ಸಿಡುಕುತ್ತಾಳೆ. ಅವಳ ಸಿಡುಕಿನಲ್ಲಿ ಭಯವೇ ಹೆಚ್ಚು.

ಕಳೆದ ವಾರ ಆಗಬಾರದ್ದು ಆಗಿಹೋಯಿತು. ಬೆಸೆದ ಕೊಳವೆಯನ್ನು ಚಳಿಯಿಂದ ಮೇಲೆತ್ತಿ, ಮೂಗಿನ ಹತ್ತಿರ ತಂದು, ತಿರುಗಿಸಿ ತಿರುಗಿಸಿ ನೋಡಿದರು. ಬೆಸುಗೆಯೇನೋ ಅಚ್ಚುಕಟ್ಟಾಗಿತ್ತು. ಅಷ್ಟರಲ್ಲಿ ಕೋಣೆಯ ಬಿಸಿ ತಾಕಿ ನೀಲಿ ಆರಿತ್ತು.

“ಬಣ್ಣ ಹೇಗಿದೆ ಮೇಡಂ ಅಂತ, ಅದನ್ನ ಮಾಡಿದ ಸಂಶೋಧಕೀನ ಕೇಳ್ದೆ. ಅವರು ಕೊಳವೇನ ನನ್ನ ಕೈಯಿಂದ ತಗೊಂಡು ಪಕ್ಕಕ್ಕಿಟ್ರು. ಆಗ ಗೊತ್ತಾಯ್ತು. ಅವರು ವರ್ಷವಿಡೀ ಕಷ್ಟಪಟ್ಟು ಮಾಡಿದ್ದು, ನನ್ನ ಕೈಲೇ ಹಾಳಾಯ್ತು,” ಎನ್ನುತ್ತಾರೆ ಗಾಜಕ್ಕ.

ಆ ವಸ್ತು ಈಗ ಉಳಿದಿರುವುದು ಇವತ್ತಿನ ಈ ಒಂದು ಕೊಳವೆಯಲ್ಲಿ ಮಾತ್ರ. ಇದೂ ಕೆಟ್ಟರೆ ಸಂಶೋಧಕಿಯ ಶ್ರಮವೆಲ್ಲ ಮಣ್ಣುಪಾಲು. ಆದರೂ ಆಕೆ ಬೇರೆಯವರನ್ನು ಹುಡುಕಿಕೊಂಡು ಹೋಗಿಲ್ಲ. ಇಲ್ಲಿಗೇ ಬಂದು ಗೋಡೆಗೊರಗಿ ನಿಂತಿದ್ದಾರೆ. ಆ ನಂಬಿಕೆಯ ಭಾರಕ್ಕೆ ಗಾಜಕ್ಕ ಇನ್ನಷ್ಟು ಕುಗ್ಗಿಹೋದಂತೆ ಕಾಣುತ್ತಾರೆ.

ಉರಿ ತಾಕುತ್ತದೆ. ಗಾಜಿನ ಕೊರಳು ಕೆಂಡವಾಗಿ, ಮೆತ್ತಗಾಗಿ, ಕುಸಿದು ಕೂಡಿಕೊಳ್ಳುತ್ತದೆ. ಮೇಲಿನ ತುಂಡನ್ನು ಎಳೆದು ಬಿಡಿಸುತ್ತಾರೆ. ಅಭ್ಯಾಸಬಲದಿಂದ ಬಲಗೈ ಕೊಳವೆಯತ್ತ ಚಾಚಿಕೊಳ್ಳುತ್ತದೆ, ಅರ್ಧದಲ್ಲೇ ನಿಲ್ಲುತ್ತದೆ. ಆ ಕೈಯನ್ನು ನೋಡುವುದಕ್ಕೆ ಸಂಕಟವಾಗುತ್ತದೆ.

“ನಾನು ಎತ್ತಲ್ಲ ಮೇಡಂ. ಪಾತ್ರೆ ಸಮೇತ ತಗೊಂಡು ಹೋಗಿ.”

ಸಂಶೋಧಕಿ ಬಗ್ಗಿ ಪಾತ್ರೆಯ ಪಕ್ಕದಿಂದ ನೋಡುತ್ತಾರೆ. “ನೀಲಿ ಇದೆ ಅಕ್ಕಾ,” ಎನ್ನುತ್ತಾರೆ.

ಗಾಜಕ್ಕ ಉರಿ ಆರಿಸುತ್ತಾರೆ. ಮುಂದೇನು ಎಂದು ಕೇಳಿದರೆ ಸ್ಟೂಲನ್ನು ಗೋಡೆಯ ಪಕ್ಕಕ್ಕೆ ಸರಿಸಿ ಇಡುತ್ತಾರೆ.

“ಇನ್ನು ಉರಿ ಮುಂದೆ ಕೂರಲ್ಲ, ಇದೇ ಕೊನೆ. ಕಡೇದನ್ನ ನಾನು ಬೆಳಕಿಗೆ ಹಿಡಿದು ನೋಡ್ಲೇ ಇಲ್ಲ. ಹೋಗ್ಲಿ ಬಿಡಿ, ನೀಲಿ ಬದುಕಿದೆಯಲ್ಲ.”