ಊರಿಗೇ ಮೊದಲು ಬಲಿತ ಜೋಳ

ಜೋಳದ ಬೀಜಕ್ಕೆ ಸವರಿದ ಗುಲಾಬಿ ಬಣ್ಣದ ಔಷಧಿಯ ಘಾಟು ಇವತ್ತು ಮೂಗಿಗೆ ಬಡಿದಾಗ ಅಪ್ಪ ನೆನಪಾದರು. ಹಾರಂಗಿ ಹತ್ತಿರದ ನಮ್ಮೂರಿನಲ್ಲಿ ಅವರದು ಬಿತ್ತನೆ ಬೀಜದ ಅಂಗಡಿ. ಒಂದು ವರ್ಷ, ಬೇಗ ಬಲಿಯುವ ಹೊಸ ತಳಿಯನ್ನು ಸಣ್ಣಪ್ಪ ಎಂಬ ಒಬ್ಬ ರೈತನಿಗೆ ಮಾತ್ರ ಕೊಟ್ಟರು.

"ಊರಿಗೇ ಮೊದ್ಲು ನಿಂದೇ ಕುಯ್ಲು ನೋಡು" ಎಂದು ಹುರಿದುಂಬಿಸಿದರು.

ಹಾಗೇ ಆಯಿತು. ಬೇರೆ ಹೊಲಗಳಲ್ಲಿ ಇನ್ನೂ ತೆನೆಯೇ ಇಲ್ಲ, ಊರಿನ ಗಿಣಿಗಳೆಲ್ಲ ಅವನ ಹೊಲಕ್ಕೇ ಇಳಿದವು. ಅಪ್ಪ ಅಂಗಡಿಗೆ ಬೀಗ ಹಾಕಿ, ನನ್ನನ್ನೂ ಕರೆದೊಯ್ದು, ಕೊಯ್ಲು ಮುಗಿಯುವವರೆಗೂ ಅಲ್ಲಿ ಗಿಣಿ ಓಡಿಸಲು ಡಬ್ಬ ಬಡಿದರು.

"ನೀವ್ಯಾಕಣ್ಣ ಬಿಸಿಲಲ್ಲಿ?" ಎನ್ನುತ್ತಿದ್ದ ಸಣ್ಣಪ್ಪ.

"ಬೀಜ ಕೊಟ್ಟೋನು ನಾನಲ್ವೇನಪ್ಪ" ಎನ್ನುತ್ತಿದ್ದರು ಅಪ್ಪ.

ಈಗ ಅಂಗಡಿ ನನ್ನದು.

"ಬೇಗ ಬಲಿಯೋ ಜೋಳ ಇದ್ಯಾ ಅಕ್ಕ?" ಎಂದು ಬೆಳಿಗ್ಗೆ ಒಬ್ಬರು ಕೇಳಿದರು.

"ಇದೆ. ಅಕ್ಕಪಕ್ಕದ ಹೊಲದವ್ರನ್ನೂ ಕರ್ಕೊಂಡು ಬನ್ನಿ, ಒಬ್ರಿಗೇ ಕೊಡಲ್ಲ" ಎಂದೆ.