ದರ್ಜಿಯ ಅರ್ಧ ಅಂಕ

ನಮ್ಮ ಬೀದಿಯ ದರ್ಜಿ ಎಂಥ ಡೊಂಕು ಮೈಯನ್ನೂ ಕೋಟಿನೊಳಗೆ ನೆಟ್ಟಗೆ ಮಾಡಬಲ್ಲ. ಅವನಿಂದ ನೆಟ್ಟಗೆ ಮಾಡಲಾಗದೆ ಉಳಿದವರು ಒಬ್ಬರೇ, ಅವನ ಅಕ್ಕನ ಗಂಡ. ನಿವೃತ್ತ ಹೆಡ್‌ಮಾಸ್ತರು, ಚೆಸ್ ಕ್ಲಬ್ಬಿನ ಅಧ್ಯಕ್ಷರೂ ಅವರೇ, ಚಾಂಪಿಯನ್ನೂ ಅವರೇ. ಭಾಮೈದನನ್ನು ಕ್ಲಬ್ಬಿನ ಪಂದ್ಯಾವಳಿಯಲ್ಲಿ ಪ್ರತಿ ವರ್ಷ ಸೋಲಿಸಿ, ಆ ಸೋಲನ್ನು ಮುಂದಿನ ಪಂದ್ಯದವರೆಗೂ ಊಟದ ಜೊತೆ ಬಡಿಸುತ್ತಿದ್ದರು. "ಸೂಜಿ ಹಿಡಿಯೋ ಕೈಗೆ ಚೆಸ್ ಯಾಕೋ?" ದರ್ಜಿಗೆ ಗೆಲ್ಲುವ ದುರಾಸೆ ಇರಲಿಲ್ಲ. ಒಂದು ಡ್ರಾ, ಅರ್ಧ ಅಂಕ ಸಿಕ್ಕರೂ ಭಾವನ ಬಾಯಿಗೆ ಬೀಗ ಬೀಳುತ್ತಿತ್ತು.

ಈ ಸಲ ಅದು ಕೈಗೆ ಬಂದೇಬಿಟ್ಟಿತ್ತು. ಅವನ ಕುದುರೆಯೊಂದು ಭಾವನ ಪಾಳೆಯಕ್ಕೆ ನುಗ್ಗಿ ಕೂತಿತ್ತು. ಅದು ಕದಲದಿದ್ದರೆ ಭಾವನ ಆನೆಗಳಿಗೆ ದಾರಿಯಿಲ್ಲ, ಆಟ ಸಮ. ಹೆಡ್‌ಮಾಸ್ತರು ಕೆಮ್ಮಿದರು, ಕನ್ನಡಕ ಒರೆಸಿದರು, ಛಾವಣಿ ನೋಡಿದರು. ಏನೂ ತೋಚದಾಗ ದೊಡ್ಡವರು ಮಾಡುವುದು ಇಷ್ಟೇ. ಕೊನೆಗೆ ಒಂದು ಸಿಪಾಯಿ ತಳ್ಳಿ, ಹೊಸ ಕೋಟಿನ ತೋಳನ್ನು ಮಣೆಯ ಅಂಚಿಗೆ ಊರಿದರು.

ತೋಳಿನ ತುದಿಯಲ್ಲಿ ಬಿಳಿ ದಾರ ಇಣುಕುತ್ತಿತ್ತು. ಕಚ್ಚಾ ಹೊಲಿಗೆಯದು, ಕೋಟು ಮುಗಿದ ಮೇಲೆ ಕಿತ್ತು ಹಾಕಬೇಕಾದದ್ದು.

ದರ್ಜಿಯ ಕೈ ಅವನನ್ನು ಕೇಳದೆಯೇ ಹೊರಟಿತು. ದಾರ ಸಿಗುವ ಮೊದಲೇ ಬೆರಳು ಕುದುರೆಗೆ ತಾಗಿತು.

"ಮುಟ್ಟಿದೆ! ಮುಟ್ಟಿದ ಕಾಯಿ ನಡೆಸ್ಬೇಕು!" ಎಂದು ಭಾವ ಎದ್ದೇ ನಿಂತರು. ಪಕ್ಕದ ಮೇಜುಗಳವರೆಲ್ಲ ಬಂದು ಮುತ್ತಿದರು.

ತೀರ್ಪುಗಾರರು ಬಂದರು. "ಕೈತಪ್ಪಿ ತಾಗಿದ್ರೆ ಲೆಕ್ಕಕ್ಕಿಲ್ಲ. ಬೇಕೂಂತ ಮುಟ್ಟಿದ್ರೆ ಮಾತ್ರ ನಡೆಸ್ಬೇಕು. ಕಾರಣ ಇಲ್ದೆ ಬರೀ ಕೈತಪ್ಪಿತು ಅಂದ್ರೆ ನಾನು ಒಪ್ಪಲ್ಲ. ಯಾಕ್ರೀ ಕೈ ಚಾಚಿದ್ರಿ?"

ನಿಜ ಹೇಳಿದರೆ ಅರ್ಧ ಅಂಕ ಅವನದೇ. ಆದರೆ ಆ ಕೋಟು ಹೊಲಿದವನೂ ಅವನೇ. ಸುತ್ತ ನಿಂತವರಲ್ಲಿ ಮುಕ್ಕಾಲು ಪಾಲು ಅವನ ಗಿರಾಕಿಗಳು. ಅಳತೆ ಕೊಟ್ಟು ಕಾಯುತ್ತಿದ್ದ ನಾನೂ ಅವರಲ್ಲೊಬ್ಬ. ದರ್ಜಿ ನಮ್ಮೆಲ್ಲರ ಮುಖ ನೋಡಿದ.

"ಬೇಕೂಂತಲೇ ಮುಟ್ಟಿದೆ ಸಾರ್," ಎಂದು ಕುದುರೆಯನ್ನು ಎತ್ತಿದ.

ಆಮೇಲೆ ಉಳಿದದ್ದು ಆನೆಗಳ ಕೆಲಸ. ದರ್ಜಿಯ ರಾಜ ಬೇಗನೆ ಬಿದ್ದ. ದರ್ಜಿ ಭಾವನ ಕೈಕುಲುಕಿದ, ಕುಲುಕುತ್ತಲೇ ಇದ್ದ. ಬಿಟ್ಟಾಗ ದಾರ ಅವನ ಮುಷ್ಟಿಯಲ್ಲಿತ್ತು. ಹತ್ತಿರ ನಿಂತಿದ್ದ ನನಗೆ ಮಾತ್ರ ಅದು ಕಂಡಿತು.

"ಅಲ್ಲಯ್ಯಾ, ಏನಾದ್ರೂ ಒಂದು ಕಾರಣ ಹೇಳಿದ್ದಿದ್ರೆ ಮುಗೀತಿತ್ತಲ್ಲೋ! ಅಷ್ಟೂ ಬುದ್ಧಿ ಬೇಡ್ವಾ?" ಎಂದರು ಭಾವ.

"ಬುದ್ಧಿ ಇದ್ದಿದ್ರೆ ನಿಮಗೆ ಅಕ್ಕನ್ನ ಕೊಡ್ತಿದ್ವಾ ಭಾವ?"

ಎಲ್ಲರೂ ನಕ್ಕರು. ಭಾವ ಎಲ್ಲರಿಗಿಂತ ಜೋರಾಗಿ ನಕ್ಕರು. ಗೆದ್ದವರಿಗೆ ಯಾವ ಮಾತೂ ಚುಚ್ಚುವುದಿಲ್ಲ. ದರ್ಜಿಯೂ ನಕ್ಕ. ಆದರೆ ಅವನ ಕಣ್ಣು ಕುದುರೆ ಬಿಟ್ಟುಬಂದ ಮನೆಯ ಮೇಲೇ ಇತ್ತು.